ಜಂತಿಗೆ ಕೊಟ್ಟ ಹೆಗಲು

ಹಿರಿಯರೊಂದಿಗೆ ಸಂಜೆ ಹೆಣ್ಣು ನೋಡಲು ಬರಬೇಕಿದ್ದ ಚನ್ನವೀರ ತಡೆಯಲಾರದೆ ಬೆಳಿಗ್ಗೆಯೇ ಒಬ್ಬನೇ ಆ ಮನೆಯ ಮುಂದೆ ಸುಳಿದಾಡುತ್ತಿದ್ದ. ಬಾಗಿಲು ತೆರೆಯಿತು. ಫೋಟೊದಲ್ಲಷ್ಟೇ ಕಂಡಿದ್ದ, ತಾನು ನೋಡಬೇಕಾದ ಶಾಂಭವಿಯೇ ದುಪಟ್ಟಾ ಸೊಂಟಕ್ಕೆ ಬಿಗಿದು, ಸುತ್ತಿಗೆ ಹಿಡಿದು ನಿಂತಿದ್ದಳು.

“ಬಡಿಗ್ಯಾರ ಹೌದಲ್ಲರಿ? ಎಷ್ಟೊತ್ತು ಮಾಡೂದು! ಬರ್ರಿ ಒಳಗ.”

ಅಲ್ಲ ಎನ್ನಲು ಬಾಯಿ ತೆರೆದವನು ಅವಳ ಕಣ್ಣು ನೋಡಿ ಹೌದೆಂದು ತಲೆಯಾಡಿಸಿಬಿಟ್ಟ. ಅಡುಗೆಮನೆಯಿಂದ ಅವಳ ತಾಯಿ ಇಣುಕಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಸರಿದರು.

ಮಹಡಿಯ ಹಲಗೆ ನೆಲವನ್ನು ಹೊತ್ತ ಜಂತಿಯೊಂದನ್ನು ಗೆದ್ದಲು ತಿಂದಿತ್ತು.

“ಸಂಜೀಕ ಬೀಗರು ಮ್ಯಾಲೆ ಕೂಡೂರು. ಇದು ಕುಸದ್ರ ನನ್ನ ಲಗ್ನಾನೂ ಕುಸೀತೈತಿ.”

ಹಳೆಯ ಜಂತಿಗೆ ಒತ್ತಿ ಇಡಬೇಕಾದ ಹೊಸ ಮರವನ್ನು ಅವನು ಮೇಜು ಹತ್ತಿ ಹೆಗಲಲ್ಲಿ ಹೊತ್ತು ನಿಂತ. ಅವಳು ಏಣಿಯ ಮೇಲಿಂದ ತೂತು ಕೊರೆದು ಬೋಲ್ಟು ಬಿಗಿದಳು. ಮರದ ಪುಡಿ ಮೂಗಿಗೇರಿ ಸೀನು ಬಂತು, ಹೆಗಲು ಕಳಚಿಬೀಳುವಂತಾಯಿತು. ಆದರೂ ಅವನಿಗೆ ಹಾಡಬೇಕೆನಿಸುತ್ತಿತ್ತು.

“ಹುಡುಗ ಹೆಂಗದಾನ್ರಿ?” ಕೇಳಿಯೇಬಿಟ್ಟ.

“ಬ್ಯಾಂಕಿನ್ಯಾಗ ಕುಂಡ್ರಾಂವ. ಮನಿ ಕೆಲಸಕ್ಕ ಹೆಗಲ ಕೊಡ್ತಾನೋ ಇಲ್ಲೋ, ಯಾರಿಗ್ಗೊತ್ತು?”

ಕೆಲಸ ಮುಗಿದ ಮೇಲೆ ಇಬ್ಬರೂ ಮಹಡಿಗೆ ಓಡಿ, ಮಕ್ಕಳಂತೆ ಧಡಧಡ ಕುಣಿದು ನೋಡಿದರು. ನೆಲ ಅಲುಗಲಿಲ್ಲ. ಏದುಸಿರು ಬಿಡುತ್ತಲೇ ಅವನು ಬಾಯಿಬಿಟ್ಟ.

“ತಪ್ಪಾತ್ರಿ. ನಾ ಬಡಿಗ ಅಲ್ಲ. ಸಂಜೀಕ ಬರೂ ಹುಡುಗ ನಾನ.”

“ಗೊತ್ತೈತ್ರಿ, ನಿಮ್ಮ ಫೋಟೊ ನಾನೂ ನೋಡೇನಿ,” ಎಂದಳು ಶಾಂಭವಿ. “ನಾವು ಬಡಿಗ್ಯಾರ್ನ ಕರದೇ ಇಲ್ಲ.”