ಮೇಣದ ಹಿಡಿ

ಗಂಡನ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ, ಹಾಲಿನ ಪ್ಯಾಕೆಟ್ ಕತ್ತರಿಸಲು ಕತ್ತರಿ ಹುಡುಕುತ್ತಿದ್ದವಳಿಗೆ ಅವನ ಮೇಜಿನ ಮೇಲೆ ಆ ಚಾಕು ಕಂಡಿತು. ಅವನು ಕೆಲಸ ಮಾಡುತ್ತಿದ್ದ ಕಾರ್ಖಾನೆ ಸೈನಿಕರಿಗೆಂದು ಮೊಟ್ಟಮೊದಲು ಮಾಡಿದ ಚಾಕು ಅದು. ಹೊಸ ಮಾದರಿಯ ಹಿಡಿ ರೂಪಿಸಲು ಎರವಲು ತಂದಿದ್ದ. ಹಳೆಯ ಹಿಡಿಗೆ ಮೇಣ ಮೆತ್ತಿ, ಒಮ್ಮೆ ಬಿಗಿಯಾಗಿ ಹಿಡಿದು ಬಿಟ್ಟಿದ್ದ. ಐದು ಬೆರಳೂ ಹಾಗೆಯೇ ಮೂಡಿದ್ದವು.

ಅವಳು ಅದನ್ನು ಹಿಂದಿರುಗಿಸಲು ಹೋದಾಗ, ಕಾರ್ಖಾನೆಯ ಗೋಡೆಯ ಮೇಲೆ ಪ್ರತಿ ಮಾದರಿಯ ಮೊದಲ ಚಾಕು ಸಾಲಾಗಿ ತೂಗುತ್ತಿತ್ತು. ಮೊದಲ ಮೊಳೆ ಮಾತ್ರ ಖಾಲಿ.

“ನೀನ್ಯಾಕಮ್ಮ ಬರೋಕ್ ಹೋದೆ? ನಾನೇ ಬರ್ತಿದ್ನಲ್ಲ,” ಎಂದ ಮುದಿ ಮೇಸ್ತ್ರಿ, ಬಗ್ಗಿ ಹಿಡಿಯನ್ನು ನೋಡಿದ. “ಅಚ್ಚು ತೆಗೆದ್ರೆ ಹೊಸ ಚಾಕುಗೆಲ್ಲ ಇದೇ ಹಿಡಿ. ಆದ್ರೆ ಅಚ್ಚು ತೆಗೆಯೋವಾಗ ಮೇಣ ಕರಗಿಹೋಗುತ್ತೆ. ನೀನು ಬೇಡ ಅಂದ್ರೆ ಬೇಡ, ತಾಯಿ.”

“ಅವರೇನಂತಿದ್ರು?”

“ಸೈನ್ಯದೋರೆಲ್ಲ ನನ್ನ ಕೈ ಕುಲುಕ್ಬೇಕು ನೋಡಿ ಅಂತಿದ್ದ. ಬಡಾಯಿಗಾರ.”

ಅವಳು ಆ ಗುಳಿಗಳಲ್ಲಿ ಒಮ್ಮೆ ಬೆರಳಿಟ್ಟಳು. ಸಡಿಲವಾಗಿತ್ತು, ಬಿಗಿ ಹಿಡಿದರೆ ಅವನ ಗುರುತು ಅಳಿಸುತ್ತಿತ್ತು. ಚಾಕು ಕೊಡುವಾಗ ಹಿಡಿ ಯಾವಾಗಲೂ ತೆಗೆದುಕೊಳ್ಳುವವರ ಕಡೆಗಿರಬೇಕೆಂದು ಕಲಿಸಿದವನು ಅವನೇ. ಅವಳು ಅಲಗನ್ನು ಹಿಡಿದು, ಗಂಡನ ಕೈಯನ್ನು ಮೇಸ್ತ್ರಿಯತ್ತ ಚಾಚಿದಳು.