ಕೂಪನ್ ಇಟ್ಟ ಪುಸ್ತಕ

"ಮಧ್ಯಾಹ್ನದ್ದು ಪೂರಾ ತೆಗೆದ್ ಹಾಕ್ರಿ ಮೇಡಂ," ಎನ್ನುತ್ತ ಶೇಖರಪ್ಪ ಕಾರ್ಯಾಗಾರದ ವೇಳಾಪಟ್ಟಿಯನ್ನು ವನಿತಾಳ ಕಡೆಗೆ ತಿರುಗಿಸಿಟ್ಟ. "ಉಂಡ ಮ್ಯಾಲೆ ಒಬ್ಬ ಲೆಕ್ಚರರೂ ಕುಂದ್ರಂಗಿಲ್ಲ. ಹೋದ ಸಲ ನೀವು ಖಾಲಿ ಕುರ್ಚಿಗೆ ಪಾಠ ಮಾಡಿದ್ದು ಮರತ್ರೇನು?"

ವನಿತಾ ಮರೆತಿರಲಿಲ್ಲ. ಯಲಹಂಕ ದಾಟಿ ಹುಣಸಮಾರನಹಳ್ಳಿಗೆ ಹೋಗುವ ದಾರಿಯಲ್ಲಿರುವ ಆ ಖಾಸಗಿ ಕಾಲೇಜಿಗೆ ಅವಳು ಲೈಬ್ರರಿಯನ್; ಗದಗದ ಕಡೆಯ ಶೇಖರಪ್ಪ ಅವಳ ಸಹಾಯಕ. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಚಿಟಿಕೆ ಹೊಡೆಯುವುದರೊಳಗೆ ತೋರಿಸುವ ಸಾಫ್ಟ್‌ವೇರನ್ನು ಕಾಡಿ ಬೇಡಿ ತರಿಸಿದ್ದಳು. ಅಧ್ಯಾಪಕರು ಮಾತ್ರ ಇವತ್ತಿಗೂ ಬಾಗಿಲಲ್ಲೇ ನಿಂತು, "ಆ ಕೆಂಪು ರಟ್ಟಿನ ಬುಕ್ ಕೊಡ್ರೀ" ಎನ್ನುತ್ತಿದ್ದರು. ಪ್ರಿನ್ಸಿಪಾಲ್ ನಂದಕುಮಾರ್ ನಿನ್ನೆ ಕಡ್ಡಿ ಮುರಿದ ಹಾಗೆ ಹೇಳಿದ್ದರು: ಈ ಸಲವೂ ಯಾರೂ ಕಲಿಯದಿದ್ದರೆ ಲೈಬ್ರರಿಯ ಕಂಪ್ಯೂಟರುಗಳೆಲ್ಲ ಅಡ್ಮಿಷನ್ ವಿಭಾಗಕ್ಕೆ. ಅವು ಹೋದರೆ ಇಷ್ಟು ದಿನ ಕೂತು ಒಂದೊಂದೇ ಪುಸ್ತಕದ ವಿವರ ಏರಿಸಿದ್ದೆಲ್ಲ ನೀರಲ್ಲಿ ಹೋಮ. ಅವಳಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

"ಊಟನೇ ಪಾಠ ಮಾಡ್ಬಿಟ್ರೆ ಹೇಗೆ ಶೇಖರಪ್ನೋರೆ?" ಎಂದಳು ನಿಧಾನವಾಗಿ. "ಊಟದ ಕೂಪನ್ ಕೈಗೆ ಕೊಡೋದ್ ಬೇಡ. ಒಬ್ಬೊಬ್ರದ್ದು ಒಂದೊಂದು ಪುಸ್ತಕದೊಳಗೆ ಇಟ್ಬಿಡೋಣ. ಯಾವ ಪುಸ್ತಕ ಅನ್ನೋದಕ್ಕೆ ಒಂದು ಸುಳಿವು ಕೊಡೋದು, ಅಷ್ಟೆ. ಹುಡುಕಿದೋರಿಗೆ ಊಟ."

"ಹುಡುಕದವ್ರಿಗೆ?"

"ಏಕಾದಶಿ."

ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ. ಶನಿವಾರ ಕ್ಯಾಂಟೀನಿನಿಂದ ಬಿಸಿಬೇಳೆಬಾತಿನ ಘಮ ಬಂದದ್ದೇ ತಡ, ಕಂಪ್ಯೂಟರುಗಳ ಮುಂದೆ ನೂಕುನುಗ್ಗಲು. ಬೆಳಗ್ಗೆಯೆಲ್ಲ ಆಕಳಿಸುತ್ತ ಕೂತಿದ್ದ ವಾಣಿಜ್ಯ ವಿಭಾಗದ ಮುನೀಂದ್ರ, "ಸುಳಿವಿನ ಪ್ರಕಾರ ಕೊಳವೆ ಬಾವಿ ಅಂತ ಹೊಡೆದ್ರೆ ರಾಶಿ ಬಂದು ಬೀಳ್ತವಲ್ರೀ, ಕನ್ನಡದ್ದು ಮಾತ್ರ ತೋರ್ಸು ಅನ್ನೋದು ಹೆಂಗೆ?" ಎಂದು ತಾನಾಗಿಯೇ ಕೇಳಿದ. ಭೌತಶಾಸ್ತ್ರದ ಮೇಡಂ ಕಪಾಟಿನ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಓಡಿದರು. ಕೂಪನ್ ಸಿಕ್ಕವರು ಸಿಗದವರಿಗೆ ಹೇಳಿಕೊಡುತ್ತಿದ್ದರು. ವನಿತಾಳಿಗೆ ನಿಂತಲ್ಲೇ ಕುಣಿಯಬೇಕೆನಿಸಿತು.

ಅಷ್ಟರಲ್ಲಿ ಊಟಕ್ಕೆಂದೇ ಇಳಿದು ಬಂದ ನಂದಕುಮಾರ್, "ನಾನೂ ಹುಡುಕ್ಬೇಕೇನ್ರೀ?" ಎಂದರು.

"ತಮ್ಮದು ಬಹಳ ಸುಲಭ ಸರ್. ಲೇಖಕರು ಅಂತಿದೆಯಲ್ಲ, ಅಲ್ಲಿ ನಿಮ್ಮ ಹೆಸರು ಹಾಕಿ ಸಾಕು."

ನಂದಕುಮಾರರ ಕೂಪನ್ನನ್ನು ಅವರೇ ಬರೆದ ಪುಸ್ತಕದೊಳಗೆ ವನಿತಾ ಇಟ್ಟಿದ್ದಳು. ಒಂದಿಷ್ಟು ಬೆಣ್ಣೆ ಹಚ್ಚಿದರೆ ಕಂಪ್ಯೂಟರು ಉಳಿದಾವು ಎಂಬ ಲೆಕ್ಕಾಚಾರ. ಎಲ್ಲರೂ ನೋಡಲಿ ಎಂದು, ಗೋಡೆಯ ದೊಡ್ಡ ಪರದೆಗೆ ಜೋಡಿಸಿದ್ದ ಕಂಪ್ಯೂಟರಿನ ಮುಂದೆಯೇ ಅವರನ್ನು ಕೂರಿಸಿದಳು. ಹೆಸರು ಹೊಡೆದರು. 'ಶಿಸ್ತೇ ಸಂಸ್ಥೆಯ ಬೆನ್ನೆಲುಬು' ಎಂಬ ಪುಸ್ತಕ, ಅದರ ಮುಂದೆ ಹಸಿರು ಅಕ್ಷರದಲ್ಲಿ 'ಲಭ್ಯವಿದೆ.' ನಂದಕುಮಾರರ ಮುಖ ಅರಳಿತು. ಆಮೇಲೆ ಅವರ ಕಣ್ಣು, ಅವರ ಹಿಂದೆಯೇ ಅಲ್ಲಿದ್ದವರೆಲ್ಲರ ಕಣ್ಣು, ಕೆಳಗಿನ ಸಾಲಿಗೆ ಇಳಿಯಿತು. 'ಈವರೆಗೆ ಎರವಲು ಪಡೆದವರು: 0.'

ಆ ಸಾಲೊಂದು ಅಲ್ಲಿರುತ್ತದೆ ಎನ್ನುವುದನ್ನು ವನಿತಾ ಮರೆತೇಬಿಟ್ಟಿದ್ದಳು. ಯಾರೋ ಕೆಮ್ಮಿದರು. "ಹೊಸಾದು ಸರ್, ಈಗ ಬಂದೈತಿ," ಎಂದು ಶೇಖರಪ್ಪ ತೇಪೆ ಹಾಕಲು ಹೋದ. ಹನ್ನೊಂದು ವರ್ಷ ಹಿಂದಿನ ಇಸವಿ ಪರದೆಯ ಮೇಲೆ ಢಾಳಾಗಿ ಕಾಣುತ್ತಿತ್ತು. ಹೋಯಿತು, ಕಂಪ್ಯೂಟರು ಇವತ್ತೇ ಹೋಯಿತು ಎಂದುಕೊಂಡಳು ವನಿತಾ.

"ಛೆ, ಎಂಥಾ ಅನ್ಯಾಯ," ಎಂದು ಎದ್ದವನು ಮುನೀಂದ್ರ. ಅವನ ಬಡ್ತಿಯ ಕಡತ ಪ್ರಿನ್ಸಿಪಾಲರ ಮೇಜಿನ ಮೇಲಿತ್ತು. "ಇದನ್ನ ಓದ್ಬೇಕು ಅಂತ ಎಷ್ಟು ದಿನದಿಂದ ಒದ್ದಾಡ್ತಿದ್ದೆ ಸರ್. ಎಲ್ಲಿದೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಮೇಡಂ, ಇವತ್ತು ಪುಸ್ತಕ ಕೊಡಲ್ಲ ಅಂದ್ರಲ್ಲ, ಈಗ್ಲೇ ಕಾಯ್ದಿರಿಸ್ಬೇಕು ಅಂದ್ರೆ ಏನ್ ಮಾಡ್ಬೇಕು?"

"ಅದು ಮಧ್ಯಾಹ್ನದ ಪಾಠ," ಎಂದಳು ವನಿತಾ.

ಅಂದು ಊಟವಾದ ಮೇಲೆ ಒಬ್ಬರೂ ಕಾಲಿಗೆ ಬುದ್ಧಿ ಹೇಳಲಿಲ್ಲ. ಮುನೀಂದ್ರನೊಬ್ಬನೇ ಒಳ್ಳೆಯವನಾಗಲು ಬಿಟ್ಟಾರೆಯೇ? ಕೈ ತೊಳೆದು ನೇರ ಕಂಪ್ಯೂಟರಿಗೇ ಬಂದರು, ತಪ್ಪಿಲ್ಲದೆ ಕಲಿತರು. ಸಂಜೆಯ ಹೊತ್ತಿಗೆ ಇಡೀ ಅಧ್ಯಾಪಕ ವರ್ಗ 'ಬೆನ್ನೆಲುಬಿ'ಗಾಗಿ ಪರದೆಯ ಮೇಲಿನ ಸರತಿಯಲ್ಲಿ ನಿಂತಿತ್ತು. ನಂದಕುಮಾರ್ ಪರದೆಯ ಫೋಟೊ ತೆಗೆದುಕೊಂಡು, "ಕಂಪ್ಯೂಟರ್ ಇಲ್ಲೇ ಇರ್ಲಿ ಬಿಡಿ. ಇನ್ನೂ ಬೇಕಾದ್ರೆ ಕೇಳಿ," ಎಂದು ಹೋದರು.

ಸೋಮವಾರ ಪುಸ್ತಕ ಮುನೀಂದ್ರನ ಕೈ ಸೇರಿತು. ಪ್ರಿನ್ಸಿಪಾಲರು ಅವನನ್ನು ಕಾರಿಡಾರಿನಲ್ಲಿ ಕಂಡಲ್ಲೆಲ್ಲ ನಿಲ್ಲಿಸಿ, "ಯಾವ ಅಧ್ಯಾಯಕ್ಕೆ ಬಂದ್ರಿ? ಏನನ್ನಿಸ್ತು?" ಎಂದು ವಿಚಾರಿಸತೊಡಗಿದರು. ಅವನ ಪಾಡನ್ನು ಸರತಿಯಲ್ಲಿದ್ದವರೆಲ್ಲ ಸ್ಟಾಫ್ ರೂಮಿನ ಬಾಗಿಲ ಮರೆಯಿಂದ ನೋಡುತ್ತಿದ್ದರು.

ವಾರ ಕಳೆಯುವುದರೊಳಗೆ ಶೇಖರಪ್ಪ ಹಲ್ಲು ಕಿಸಿಯುತ್ತ ವನಿತಾಳ ಮೇಜಿಗೆ ಬಂದ. "ಇನ್ನೊಂದು ಕಾರ್ಯಾಗಾರ ಬೇಕಂತ ಮೇಡಂ. ಎಲ್ಲಾರೂ ತಾವಾಗೇ ಬಂದು ಕೇಳಾಕತ್ತಾರ. ಊಟಾನೂ ಬ್ಯಾಡಂತ."

"ಏನ್ ಕಲೀಬೇಕಂತೆ?"

"ಕಾಯ್ದಿರಿಸಿದ್ದನ್ನ ರದ್ದು ಮಾಡೂದು ಹೆಂಗಂತ."