ತರಬೇತುದಾರರ ಹೆಸರು: ಫಕೀರವ್ವ

ನೀಲವ್ವ ಈಜು ಕಲಿತದ್ದು ಗದಗದ ಹತ್ತಿರದ ಒಂದು ಹಳ್ಳಿಯ ಬಾವಿಯಲ್ಲಿ... ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು.

ಕಟ್ಟಿದವಳು ಅಜ್ಜಿ ಫಕೀರವ್ವ.

ಹದಿಮೂರನೇ ವಯಸ್ಸಿಗೆ ಜಿಲ್ಲಾ ಸ್ಪರ್ಧೆ. ದೊಡ್ಡ ಸ್ವಿಮ್ಮಿಂಗ್ ಪೂಲ್ ನೋಡಿದ್ದೇ ಅವತ್ತು.

ಬಾವಿಯಲ್ಲಿ ಸುತ್ತು ಹೊಡೆದೇ ಅಭ್ಯಾಸ... ಸೀಟಿ ಊದಿದ್ದೇ ತಡ, ಇಲ್ಲೂ ಎಡಕ್ಕೆ ತಿರುಗಿ, ಹಗ್ಗ ದಾಟಿ, ಪಕ್ಕದ ಹುಡುಗಿಯ ಲೇನ್‌ಗೆ ನುಗ್ಗಿಬಿಟ್ಟಳು! ಸ್ಪರ್ಧೆಯಿಂದ ಔಟ್.

ಗ್ಯಾಲರಿ ತುಂಬ ನಗು. ನಗುವುದಕ್ಕೇನು ಟಿಕೆಟ್ ಇದೆಯೇ?

ಜಿಲ್ಲೆಯ ಕೋಚ್ ಎಲ್ಲರಿಗೂ ಕೇಳುವಂತೆ ಹೇಳಿದರು: "ಬಾವ್ಯಾಗಿನ ಕಪ್ಪಿ ಬಾವ್ಯಾಗ ಇರಬೇಕವಾ... ಇಲ್ಲಿಗ್ಯಾಕ ಬಂದಿ?"

ಮನೆಗೆ ಬಂದು ನೀಲವ್ವ ಅಜ್ಜಿಯ ಮುಂದೆ ಬಿಕ್ಕಿದಳು. "ಆಯಿ, ಇನ್ನ ನಾ ನೀರಿಗೆ ಇಳಿಯಂಗಿಲ್ಲ."

ಅಜ್ಜಿ ಸಮಾಧಾನ ಮಾಡಲಿಲ್ಲ. ನೀರು ಸೇದುವ ಹಗ್ಗ ತಂದು, ಬಾವಿಯ ಈ ಗೋಡೆಯಿಂದ ಆ ಗೋಡೆಗೆ ಬಿಗಿದು ಕಟ್ಟಿದಳು.

"ಅಳೂದು ಆಮ್ಯಾಲೆ. ಈ ಹಗ್ಗದ ಗುಂಟ ನೆಟ್ಟಗ ಹೋಗು, ಗ್ವಾಡಿ ಒದ್ದು ಹೊಳ್ಳಿ ಬಾ. ಇನ್ನೂರು ಸಲ!"

ಐದು ವರ್ಷ... ದಿನಾ ಮುಂಜಾನೆ ಇನ್ನೂರು ಸಲ. ಹತ್ತು ಸಲ ಕೈ ಬೀಸುವಷ್ಟರಲ್ಲಿ ಗೋಡೆ, ಒದೆ... ಮತ್ತೆ ಗೋಡೆ, ಮತ್ತೆ ಒದೆ.

ರಾಜ್ಯಮಟ್ಟದ ಎಂಟುನೂರು ಮೀಟರ್ ಫೈನಲ್. ನೇರ ಈಜಿನಲ್ಲಿ ಬೇರೆಯವರೇ ಮುಂದೆ. ಆದರೆ ಪ್ರತಿ ಗೋಡೆಯನ್ನು ಒದ್ದಾಗಲೂ ನೀಲವ್ವ ಒಂದೊಂದು ಮೊಳ ಹತ್ತಿರವಾಗುತ್ತಿದ್ದಳು...

ಹದಿನೈದನೇ, ಅಂದರೆ ಕೊನೆಯ ತಿರುವು ಮುಗಿದಾಗ ಅವಳ ಮುಂದೆ ಯಾರೂ ಇರಲಿಲ್ಲ. ಚಾಂಪಿಯನ್!

ಈಗ ರಾಜ್ಯ ತಂಡದ ಜವಾಬ್ದಾರಿ ಅದೇ ಕೋಚ್‌ ಕೈಯಲ್ಲಿತ್ತು. ರಾಷ್ಟ್ರೀಯ ಸ್ಪರ್ಧೆಯ ಫಾರ್ಮ್ ಹಿಡಿದು ನಗುನಗುತ್ತಾ ಬಂದರು.

"ತರಬೇತುದಾರರು ಅಂತ ಐತಲ್ಲ, ಅಲ್ಲಿ ನನ್ನ ಹೆಸರು ಬರಿ. ಸರ್ಟಿಫಿಕೇಟ್ ಇರೋ ಕೋಚ್ ಹೆಸರು ಇಲ್ಲಂದ್ರ ಟೀಮಿನ್ಯಾಗ ಜಾಗ ಇಲ್ಲ."

ನೀಲವ್ವ ಪೆನ್ನು ತೆಗೆದುಕೊಂಡು ಬರೆದಳು... ಫಕೀರವ್ವ.

"ಹುಚ್ಚಿ ಅದಿ ಏನ? ಐದು ವರ್ಷದ ಕಷ್ಟ ಹಾಳು ಮಾಡ್ಕೋತಿ?"

"ಟೀಮ್ ಬ್ಯಾಡಂದ್ರ ಬ್ಯಾಡ ಸರ್. ಆಯಿ ಹೆಸರು ಮಾತ್ರ ಅಳಸಂಗಿಲ್ಲ."

ಕೋಚ್ ಸಿಟ್ಟಿನಿಂದ ಮುಂದಿನ ಸಾಲಿನ ಮೇಲೆ ಬೆರಳಿಟ್ಟರು. "ಹಂಗಾರ ಆಕಿ ಅರ್ಹತೆ ಏನು? ಅದನ್ನೂ ಬರಿ!"

ನೀಲವ್ವ ಬರೆದಳು:

"ಇವರ ತಂಗಿ ನೀರು ಸೇದಲು ಹೋಗಿ ನಮ್ಮೂರ ಬಾವಿಯಲ್ಲಿ ಮುಳುಗಿ ತೀರಿಹೋದರು. ಅಂದಿನಿಂದ ಓಣಿಯ ಹೆಣ್ಣುಮಕ್ಕಳಿಗೆ ಅದೇ ಬಾವಿಯಲ್ಲಿ ಈಜು ಕಲಿಸುತ್ತಿದ್ದಾರೆ. ಇಲ್ಲಿಯವರೆಗೆ ನಲವತ್ತಾರು ಮಂದಿ. ಒಬ್ಬಳೂ ಮುಳುಗಿಲ್ಲ."

ಕೋಚ್ ಓದಿದರು. ಮತ್ತೆ ಓದಿದರು... ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಕೆಳಗೆ 'ಸಹಾಯಕ ತರಬೇತುದಾರ' ಎಂದಿದ್ದ ಕಡೆ ತಮ್ಮ ಹೆಸರು ಬರೆದರು.

"ಸರ್ಟಿಫಿಕೇಟ್ ನಂದಿರಲಿ... ಕೋಚ್ ಅಂದ್ರ ಅವರೇ. ಅವತ್ತು ಕಪ್ಪಿ ಅಂದಿದ್ದೆ, ತಪ್ಪಾತವಾ."

ರಾಷ್ಟ್ರಮಟ್ಟದಲ್ಲೂ ಬಂಗಾರ ಬಂತು. ಮೈಕಿನಲ್ಲಿ "ಕೋಚ್, ಫಕೀರವ್ವ" ಎಂದು ಕೂಗಿದಾಗ ನೀಲವ್ವ ಮನಸಾರೆ ಅತ್ತಳು...

ಅಜ್ಜಿ "ಆಮ್ಯಾಲೆ" ಎಂದು ತಡೆದಿದ್ದ ಅಳು ಅದು.

*ಮುಳುಗದಂತೆ ನಿಮ್ಮನ್ನು ಹಿಡಿದ ಕೈಯ ಹೆಸರನ್ನು, ಗೆದ್ದ ದಿನ ಯಾರಿಗೂ ಬಿಟ್ಟುಕೊಡಬೇಡಿ.*

ನಿಮಗೆ ಮೊದಲು ಕಲಿಸಿದವರ ಹೆಸರನ್ನು ನಾಲ್ಕು ಜನರ ಮುಂದೆ ನೀವು ಕೊನೆಯ ಸಲ ಹೇಳಿದ್ದು ಯಾವಾಗ?